ಒಂದೇ ಚರ್ಮ, ಒಂದೇ ನೋವು

(ಸಂಘದ ವಾರ್ಷಿಕೋತ್ಸವದ ದಿನ ರಾಯಿಕೋಡಿನಲ್ಲಿ ಮಾಡಿದ ಭಾಷಣದ ಬರಹರೂಪ)





ನನಗೆ ಮಾತಾಡ್ಲಿಕ್ಕೆ ಕೊಟ್ಟ ವಿಷಯ ‘ದಲಿತರು ಮತ್ತು ಪ್ರಾಣಿದಯೆ’. ವಿಷಯ ಕೇಳಿದ ಕೂಡಲೇ ಇಲ್ಲೇ ಕೆಲವರು ನಕ್ಕರು. “ನಮ್ಮ ಮ್ಯಾಲೇ ದಯಾ ತೋರಿಸೋರು ಯಾರೂ ಇಲ್ಲ, ನಾವು ದನದ ಮ್ಯಾಲೆ ತೋರಿಸಬೇಕಾ?” ಅಂದರು. ಈ ಪ್ರಶ್ನೆ ಸಣ್ಣದಲ್ಲ. ಇವತ್ತಿನ ನನ್ನ ಮಾತೆಲ್ಲಾ ಇದಕ್ಕೇ ಉತ್ತರ ಅಂತ ತಿಳ್ಕೊಳ್ಳಿ. ಜಹೀರಾಬಾದ್, ನಾರಾಯಣಖೇಡ್ ಕಡೆ ಎಲ್ಲಾ 1956ರ ತನಕ ಬೀದರ್ ಜಿಲ್ಲೆಯೊಳಗೇ ಇದ್ದ ಸೀಮೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಮಾತಾಡೋ ಮಂದಿ ನಾವು. ಅದಕ್ಕೇ ಮನೆಮಾತಿನಲ್ಲೇ ಹೇಳ್ತೀನಿ.

ನಮ್ಮ ಹಿರಿಯರು ತಮ್ಮ ಕಷ್ಟ ಹೇಳುವಾಗ ಒಂದು ಮಾತು ತಪ್ಪದೆ ಬರ್ತದ: “ನಮ್ಮನ್ನ ದನದಂಗ ದುಡಿಸಿಕೊಂಡರು, ದನದಂಗ ಹೊಡೆದರು.” ಈ ಮಾತಿನಲ್ಲಿ ಎರಡು ಸತ್ಯ ಅವ. ಮನುಷ್ಯನನ್ನ ಹಂಗ ನಡೆಸಬಾರದು ಅನ್ನೋದು ಒಂದು. ದನಕ್ಕೆ ಏನೇನು ಮಾಡ್ತಾರ, ಅದು ಎಷ್ಟು ನೋಯ್ತದ ಅಂತ ನಮಗೆ ಚೆನ್ನಾಗಿ ಗೊತ್ತದ ಅನ್ನೋದು ಇನ್ನೊಂದು. ಮೊದಲನೆಯದರ ಬಗ್ಗೆ ಐವತ್ತು ವರ್ಷದಿಂದ ಭಾಷಣ ಮಾಡ್ಕೋತ ಬಂದೀವಿ. ಎರಡನೆಯದರ ಬಗ್ಗೆ ಮಾತಾಡಿದ್ದು ಕಡಿಮೆ.

ನಿಜಾಮರ ಕಾಲದಲ್ಲಿ ನಮ್ಮ ಈ ಭಾಗದಾಗ ಜೀತಕ್ಕೆ ‘ಭಗೇಲಾ’ ಅಂತಿದ್ದರು. ಅದನ್ನ ಹತೋಟಿಗೆ ತರಲಿಕ್ಕೆ 1936ರಲ್ಲೇ ಒಂದು ಕಾನೂನು ಮಾಡಿದರು. ಆದರೂ ಜೀತ ಹೋಗಲಿಲ್ಲ. 1976ರಲ್ಲಿ ದೇಶಕ್ಕೆಲ್ಲಾ ಜೀತ ನಿರ್ಮೂಲನೆ ಕಾಯ್ದೆ ಬರಬೇಕಾಯ್ತು. ಜೀತದ ಹುಡುಗ ಮಲಗೋದು ಎಲ್ಲಿ? ಕೊಟ್ಟಿಗೆಯಲ್ಲಿ, ಎತ್ತಿನ ಪಕ್ಕದಲ್ಲಿ. ಎತ್ತು ಎದ್ದಾಗ ಏಳಬೇಕು, ಎತ್ತಿಗೆ ಮೇವು ಹಾಕಿದ ಮ್ಯಾಲೆ ತಾನು ಉಣಬೇಕು. ಚಳಿಗಾಲದಲ್ಲಿ ಎತ್ತಿನ ಮೈಯ ಬಿಸಿಯೇ ಅವನಿಗೆ ಹೊದಿಕೆ. ಗೌಡನ ಕೈಯಾಗಿನ ಬಾರುಕೋಲಿಗೆ ಎತ್ತಿನ ಬೆನ್ನು ಯಾವುದು, ಹುಡುಗನ ಬೆನ್ನು ಯಾವುದು ಅನ್ನೋ ಭೇದ ಇರಲಿಲ್ಲ.

ಆ ಬಾರುಕೋಲು ಮಾಡಿದವರು ಯಾರು? ನಮ್ಮ ಮಾದಿಗರ ಮನೆಯವರೇ. ಸತ್ತ ಎತ್ತಿನ ತೊಗಲು ಸುಲಿದು, ಸುಣ್ಣಕ್ಕೆ ಹಾಕಿ, ತಂಗಡಿ ತೊಗಟೆಯಲ್ಲಿ ಹದ ಮಾಡಿ, ಎಳೆ ಎಳೆ ಸೀಳಿ ಹೆಣೆದದ್ದು. ಎತ್ತಿನ ತೊಗಲೇ ಎತ್ತಿನ ಬೆನ್ನಿಗೆ ಬಿತ್ತು. ಅದನ್ನ ಹೆಣೆದವನ ಬೆನ್ನಿಗೂ ಬಿತ್ತು. ನೊಗಕ್ಕೆ ಕಟ್ಟೋ ಮಿಣಿ, ಬಾವಿಯಿಂದ ನೀರು ಎತ್ತೋ ಮೋಟ, ಊರಿಗೆಲ್ಲಾ ಚಪ್ಪಲಿ, ಜಾತ್ರೆಯಲ್ಲಿ ನಾವು ಬಡಿಯೋ ಹಲಗಿ, ಇವೆಲ್ಲಾ ತೊಗಲಿನವೇ. ಒಕ್ಕಲುತನ ಅನ್ನೋದು ತೊಗಲಿನ ಮ್ಯಾಲೆ ನಿಂತಿತ್ತು, ತೊಗಲು ಮುಟ್ಟಿದವರನ್ನ ಮಾತ್ರ ಊರ ಹೊರಗೆ ಇಟ್ಟರು.

ತೊಗಲಿನ ಮಾತು ಬಂತು ಅಂದರೆ ಹರಳಯ್ಯ ನೆನಪಾಗಲೇಬೇಕು. ಬಸವಕಲ್ಯಾಣ ನಮಗೆ ದೂರದ ಊರಲ್ಲ. ಹನ್ನೆರಡನೇ ಶತಮಾನದಲ್ಲಿ ಅಲ್ಲಿದ್ದ ಸಮಗಾರ ಹರಳಯ್ಯ, ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು ಅನ್ನೋ ಕಥೆ ನಮ್ಮ ಮನೆಮನೆಯಲ್ಲಿ ಅದ. ಈ ಕಥೆಯನ್ನ ಎಲ್ಲರೂ ಭಕ್ತಿಯ ಕಥೆ ಅಂತ ಹೇಳ್ತಾರ. ನಾನು ಅದನ್ನ ಚಮ್ಮಾರನ ತಿಳಿವಳಿಕೆಯ ಕಥೆ ಅಂತಲೂ ಓದ್ತೀನಿ. ದಿನಾ ದನದ ತೊಗಲಿನಲ್ಲಿ ಕೈ ಇಟ್ಟವನಿಗಷ್ಟೇ ಅಂಥ ವಿಚಾರ ಹೊಳೀತದ. ಎತ್ತಿನ ಮೈ ಮ್ಯಾಲಿದ್ದದ್ದೂ ತೊಗಲೇ, ನನ್ನ ಮೈ ಮ್ಯಾಲಿದ್ದದ್ದೂ ತೊಗಲೇ; ಎರಡೂ ಹದಕ್ಕೆ ಬರ್ತಾವ, ಎರಡೂ ಉಳಿಗೆ ಸೀಳ್ತಾವ. ಶಾಸ್ತ್ರ ಓದಿದವರು ಮನುಷ್ಯ ಬೇರೆ, ಪಶು ಬೇರೆ, ಮನುಷ್ಯನಲ್ಲೂ ನಾಲ್ಕು ಬೇರೆ ಅಂತ ಬರೀತಾ ಕುಂತಾಗ, ಚಮ್ಮಾರನ ಕೈಗೆ ಚರ್ಮ ಒಂದೇ ಅಂತ ಗೊತ್ತಿತ್ತು. ಅದೇ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆದಾಗ ಕಲ್ಯಾಣ ಸಹಿಸಲಿಲ್ಲ. ಬೀಗರಿಬ್ಬರನ್ನೂ ಆನೆ ಕಾಲಿಗೆ ಕಟ್ಟಿ ಎಳೆಸಿದರು ಅಂತ ಹೇಳ್ತಾರ. ಚರ್ಮ ಒಂದೇ ಅಂದವರ ಚರ್ಮವನ್ನೇ ಸುಲಿದರು.

ಈಗ ವಿಜ್ಞಾನಕ್ಕೆ ಬರೋಣ. ನಮ್ಮ ಚರ್ಮದಲ್ಲಿ ನೋವು ತಿಳಿಸೋ ನರದ ತುದಿಗಳು ಅವ. ಎತ್ತು, ಎಮ್ಮೆ, ಆಡು, ನಾಯಿ, ಎಲ್ಲಾ ಹಾಲುಣಿಸೋ ಪ್ರಾಣಿಗಳ ಚರ್ಮದಲ್ಲೂ ಅವೇ ತುದಿಗಳು ಅವ. ‘ಎಮ್ಮೆ ಚರ್ಮ’ ಅಂತ ಬೈಯ್ತೀವಿ, ಅದಕ್ಕೇನೂ ಹತ್ತಂಗಿಲ್ಲ ಅಂತ. ಖರೇ ಸಂಗತಿ ಉಲ್ಟಾ ಅದ. ಎಮ್ಮೆಗೆ ಬೆವರಿನ ಗ್ರಂಥಿ ಆಕಳಿಗಿಂತ ಕಡಿಮೆ, ಮೈ ಬಣ್ಣ ಕಪ್ಪು, ಬಿಸಿಲು ಬಹಳ ಹತ್ತತದ. ಅದಕ್ಕೇ ಕೆರೆ ಕಂಡರೆ ಇಳಿದು ಕೆಸರಲ್ಲಿ ಮಲಗ್ತದ. ಇಂಥದೇ ಮಾತು ನಮಗೂ ಅಂದಾರ: “ಅವರಿಗೇನು ಬಿಸಿಲು ಹತ್ತತದೇನು, ರೂಢಿ ಆಗ್ಯಾದ.” ಹತ್ತಂಗಿಲ್ಲ ಅನ್ನೋ ಮಾತು ಯಾವಾಗಲೂ ನೆರಳಿನಲ್ಲಿ ಕುಂತವರದೇ ಇರ್ತದ.

ತಾಯಂದಿರಿಗೆ ಇದು ಬೇಗ ತಿಳೀತದ. ಹೆಂಗಸಿನ ಬಸಿರು ಸುಮಾರು 280 ದಿನ, ಆಕಳಿನದೂ ಸುಮಾರು ಅಷ್ಟೇ. ಎಮ್ಮೆ ಇನ್ನೊಂದು ತಿಂಗಳು ಹೆಚ್ಚು ಹೊರ್ತದ. ಹೆರಿಗೆ ನೋವು ಬರಿಸೋದು, ಎದೆಹಾಲು ಇಳಿಸೋದು ಆಕ್ಸಿಟೋಸಿನ್ ಅನ್ನೋ ಒಂದೇ ಹಾರ್ಮೋನು. ಅವ್ವನ ಮೈಯಲ್ಲೂ ಅದೇ, ಎಮ್ಮೆಯ ಮೈಯಲ್ಲೂ ಅದೇ. ಸರ್ಕಾರಿ ದವಾಖಾನೆಯಲ್ಲಿ ಹೆರಿಗೆಯಾದ ತಾಯಿಗೆ ರಕ್ತ ನಿಲ್ಲಲಿ ಅಂತ ಕೊಡೋ ಇಂಜೆಕ್ಷನ್ ಅದೇ. ಕರು ಸತ್ತ ಎಮ್ಮೆಗೆ ಹಾಲು ಇಳಿಸಲಿಕ್ಕೆ ಕೆಲವರು ಕದ್ದು ಹಾಕೋ ಇಂಜೆಕ್ಷನ್ನೂ ಅದೇ. ಎಮ್ಮೆಯ ಆರೋಗ್ಯ ಕೆಡಿಸಿ ಹಾಲು ಹೆಚ್ಚಿಸೋ ಇಂಥ ಚುಚ್ಚುಮದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಕರು ಯಾಕೆ ಸಾಯ್ತದ? ಗಂಡು ಕರು ಅಂದರೆ ದುಡಿಮೆಗಿಲ್ಲ, ಹಾಲಿಗಿಲ್ಲ ಅಂತ ಅದಕ್ಕೆ ಮೊಲೆ ಬಿಡದೆ ಸಾಯಿಸ್ತಾರ. ಆಮ್ಯಾಲೆ ತಾಯಿ ಎಮ್ಮೆ ಎರಡು ಮೂರು ದಿನ ಒದರ್ತದ. ಅದು ಯಾಕೆ ಒದರ್ತದ ಅಂತ ಬಾಣಂತಿ ಮನೆಯಲ್ಲಿ ಯಾರೂ ಕೇಳಬೇಕಾಗಿಲ್ಲ.

ಆದರೂ ನಾವು ಅವಕ್ಕೆ ‘ಮೂಕ ಪ್ರಾಣಿ’ ಅಂತೀವಿ. ಬಾಬಾಸಾಹೇಬರು 1920ರ ಜನವರಿ 31ಕ್ಕೆ ತಮ್ಮ ಮೊದಲ ಪತ್ರಿಕೆ ಶುರು ಮಾಡಿದಾಗ ಅದಕ್ಕೆ ‘ಮೂಕನಾಯಕ’ ಅಂತ ಹೆಸರಿಟ್ಟರು. ನಮ್ಮ ಮಂದಿಗೆ ಬಾಯಿ ಇರಲಿಲ್ಲವಾ? ಬಾಯಿ ಇತ್ತು, ಅಳು ಇತ್ತು. ಕೇಳೋ ಕಿವಿ ಇರಲಿಲ್ಲ. ದನದ್ದೂ ಹಂಗೇ ಅದ.

ಇನ್ನು ಕಾನೂನು ಏನಂತದ ನೋಡೋಣ. 1965ರಲ್ಲಿ ಬಂಡಿ ಎಳೆಯೋ, ಹೊರೆ ಹೊರೋ ಪ್ರಾಣಿಗಳಿಗೆ ಅಂತ ಕೇಂದ್ರ ಸರ್ಕಾರ ನಿಯಮ ಮಾಡ್ತು. ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು ದುಡಿಸಬಾರದು. ವಿಶ್ರಾಂತಿ ಇಲ್ಲದೆ ಒಂದೇ ಸಮನೆ 5 ತಾಸು ದಾಟಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರ ತನಕ ಬಂಡಿ ಹೂಡಬಾರದು. ಮೊಳೆ ಹೊಡೆದ ಕೋಲು ಬಳಸಬಾರದು. ಈಗ 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ಮನುಷ್ಯರಿಗೆ ಏನು ಬರೆದಿದ್ದರು ಕೇಳಿ. ದಿನಕ್ಕೆ 9 ತಾಸು. ಒಂದೇ ಸಮನೆ 5 ತಾಸು, ಆಮ್ಯಾಲೆ ಕನಿಷ್ಠ ಅರ್ಧ ತಾಸು ವಿಶ್ರಾಂತಿ. ಎತ್ತಿಗೂ ಒಂಬತ್ತು–ಐದು, ಕಾರ್ಮಿಕನಿಗೂ ಒಂಬತ್ತು–ಐದು. ಕಾನೂನು ಬರೆದವರು ಹರಳಯ್ಯನ ಕಥೆ ನೆನೆಸಿ ಬರೀಲಿಲ್ಲ. ದುಡಿಯೋ ಮೈ ಎಷ್ಟೊತ್ತಿಗೆ ಸೋಲ್ತದ ಅಂತ ಲೆಕ್ಕ ಹಾಕಿದರು, ಎರಡು ಕಡೆಯೂ ಲೆಕ್ಕ ಒಂದೇ ಬಂತು.

ನಮ್ಮ ಕಡೆ ಏಪ್ರಿಲ್–ಮೇ ತಿಂಗಳಲ್ಲಿ 37 ಡಿಗ್ರಿ ಅನ್ನೋದು ತಂಪು ದಿನ. ಎತ್ತಿಗೆ ಇದ್ದ ಮಧ್ಯಾಹ್ನದ ನಿಯಮ ಕಾಗದದ ಮ್ಯಾಲೆ ಅದ, ರಸ್ತೆ ಮ್ಯಾಲೆ ಇಲ್ಲ. ಹೊಲದಲ್ಲಿ ಕಳೆ ಕೀಳೋ ನಮ್ಮ ಅವ್ವನಿಗಂತೂ ಫ್ಯಾಕ್ಟರಿ ಕಾಯ್ದೆ ಅನ್ವಯವೇ ಆಗಲಿಲ್ಲ. ಹೊಲ ಫ್ಯಾಕ್ಟರಿ ಅಲ್ಲವಲ್ಲ! ಅದಕ್ಕೇ ನಾನು ಹೇಳೋದು, “ಮೊದಲು ಮನುಷ್ಯರಿಗೆ ನ್ಯಾಯ, ಆಮ್ಯಾಲೆ ಪ್ರಾಣಿಗೆ” ಅಂತ ಎರಡು ಸಾಲು ಮಾಡಿ ನಿಲ್ಲಿಸೋದು ಬ್ಯಾಡ. ಮಧ್ಯಾಹ್ನ ಎತ್ತಿನ ಕೊರಳು ಬಿಚ್ಚಿ ನೆರಳಿಗೆ ಕಟ್ಟಿದ ಒಕ್ಕಲಿಗ, ಕೂಲಿ ಹೆಣ್ಣುಮಗಳಿಗೆ “ನೀನು ಬಿಸಿಲಲ್ಲೇ ಇರು” ಅಂತ ಹೆಂಗ ಅಂತಾನ? ನೆರಳು ಕೇಳುವಾಗ ಇಬ್ಬರಿಗೂ ಕೇಳೋಣ.

ಇಲ್ಲಿ ಒಂದು ಎಚ್ಚರ ಬೇಕು. ಪ್ರಾಣಿದಯೆ ಅನ್ನೋ ಮಾತು ನಮ್ಮ ದೇಶದಲ್ಲಿ ಬಹಳ ಸಲ ನಮ್ಮ ಬೆನ್ನಿನ ಮ್ಯಾಲೆ ಬಿದ್ದ ಕೋಲು ಆಗ್ಯಾದ. 2002ರ ಅಕ್ಟೋಬರ್ 15, ಹರಿಯಾಣದ ಝಜ್ಜರ್ ಹತ್ತಿರ ದುಲೀನಾ: ಆಕಳು ಕೊಂದಾರ ಅನ್ನೋ ಸುದ್ದಿ ಹಬ್ಬಿಸಿ ಐದು ಮಂದಿ ದಲಿತರನ್ನ ಪೊಲೀಸ್ ಚೌಕಿ ಮುಂದೇ ಹೊಡೆದು ಕೊಂದರು. 2016ರ ಜುಲೈ 11, ಗುಜರಾತಿನ ಊನಾ ತಾಲ್ಲೂಕಿನ ಮೋಟಾ ಸಮಢಿಯಾಳಾ: ಸತ್ತ ಆಕಳಿನ ಚರ್ಮ ಸುಲಿತಿದ್ದ ನಮ್ಮ ಹುಡುಗರ ಅಂಗಿ ಬಿಚ್ಚಿ, ಗಾಡಿಗೆ ಕಟ್ಟಿ, ಊರಲ್ಲಿ ಮೆರವಣಿಗೆ ಮಾಡಿ ಹೊಡೆದರು. ಹೊಡೆದವರೇ ವಿಡಿಯೋ ತೆಗೆದು ಊರಿಗೆಲ್ಲಾ ಹಂಚಿದರು. ಆಮ್ಯಾಲೆ ಆಗಸ್ಟಿನಲ್ಲಿ ಅಹಮದಾಬಾದಿನಿಂದ ಊನಾ ತನಕ ನಮ್ಮವರು ನಡೆದರು. ಸತ್ತ ದನ ಇನ್ನು ನೀವೇ ಎತ್ತಿ, ನಮಗೆ ಭೂಮಿ ಕೊಡಿ ಅಂತ ಕೇಳಿದರು. ಕಚೇರಿ ಮುಂದೆ ಸತ್ತ ದನ ತಂದು ಹಾಕಿದರು. ಆಗ ಗೊತ್ತಾಯ್ತು, ತಾಯಿ ಅಂತ ಪೂಜಿಸೋ ಆಕಳು ಸತ್ತ ಮ್ಯಾಲೆ ಅದನ್ನ ಮುಟ್ಟೋ ಮಗ ಒಬ್ಬನೂ ಇಲ್ಲ ಅಂತ.

ಇದು ದಯೆ ಅಲ್ಲ. ಇದು ಮಡಿ. ಮಡಿಗೂ ದಯೆಗೂ ಒಂದು ಸುಲಭ ಪರೀಕ್ಷೆ ಅದ. ದಯೆ ಇದ್ದವನು ನೋಯೋ ಮೈ ನೋಡ್ತಾನ, ಮಡಿ ಇದ್ದವನು ಜಾತಿ ನೋಡ್ತಾನ. ಬಿಳಿ ಆಕಳು ದೇವರು, ಕರಿ ಎಮ್ಮೆ ಯಮನ ವಾಹನ. ದೇಶದ ಹಾಲಿನಲ್ಲಿ ಅರ್ಧಕ್ಕೆ ಹತ್ತಿರ ಎಮ್ಮೆಯದು, ಪೂಜೆ ಮಾತ್ರ ಆಕಳಿಗೆ. ನಮ್ಮ ತೆಲಂಗಾಣದ ಕಂಚ ಐಲಯ್ಯನವರು ಎಮ್ಮೆಯ ಪರ ಪುಸ್ತಕವನ್ನೇ ಬರೆದು ಕೇಳಿದ ಪ್ರಶ್ನೆ ಇದು. ಗಡಿಯಾಚೆ ಕರ್ನಾಟಕದಲ್ಲಿ 2021ರಿಂದ ಜಾರಿಯಾದ ಕಾಯ್ದೆಯಲ್ಲಿ ಮುದಿ ಎತ್ತನ್ನೂ ಕಡಿಯಂಗಿಲ್ಲ. 13 ವರ್ಷ ದಾಟಿದ ಎಮ್ಮೆ–ಕೋಣಕ್ಕೆ ಮಾತ್ರ ವಿನಾಯ್ತಿ. ನೋವು ಅನ್ನೋದೇ ಲೆಕ್ಕ ಆಗಿದ್ದರೆ ಎಮ್ಮೆಗೆ ಬೇರೆ, ಆಕಳಿಗೆ ಬೇರೆ ಕಾನೂನು ಇರ್ತಿರಲಿಲ್ಲ. ಮುದಿ ಎತ್ತಿಗೆ ಸಾಯೋ ತನಕ ಮೇವು ಹಾಕೋರು ಯಾರು ಅನ್ನೋ ಪ್ರಶ್ನೆಯೂ ಬಡ ಒಕ್ಕಲಿಗನ ತಲೆ ಮ್ಯಾಲೇ ಬಿತ್ತು.

ಹಂಗಾದರೆ ನಮ್ಮ ದಾರಿ ಯಾವುದು? ಬಾಬಾಸಾಹೇಬರು ಅದನ್ನ ಸ್ಪಷ್ಟ ಮಾಡ್ಯಾರ. 1927ರ ಮಾರ್ಚಿನಲ್ಲಿ ಮಹಾಡ್ ಪರಿಷತ್ತಿನಲ್ಲಿ ಸತ್ತ ದನದ ಮಾಂಸ ತಿನ್ನೋದು ಬಿಡಿ ಅಂದರು. ನಮ್ಮ ಮಾನಕ್ಕಾಗಿ ಹೇಳಿದ ಮಾತು ಅದು. 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲಾ ಜೀವಿಗಳ ಮ್ಯಾಲೆ ದಯೆ ಇಡ್ತೀನಿ, ಅವನ್ನ ಕಾಪಾಡ್ತೀನಿ ಅನ್ನೋದೂ ಒಂದು. ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಅಹಿಂಸೆಯನ್ನ ಒಂದು ತತ್ವ ಅಂತ ತಿಳಿಯಬೇಕು, ಕಟ್ಟಳೆ ಅಂತ ತಿಳಿಯಬಾರದು ಅಂತ ವಿವರಿಸ್ತಾರ. ಕೊಲ್ಲೋ ಅಗತ್ಯ ಬೇರೆ, ಕೊಲ್ಲೋ ಆಸೆ ಬೇರೆ ಅಂತಾರ. ಅಗತ್ಯ ಇಲ್ಲದ ಕಡೆ ಕೊಲ್ಲಬ್ಯಾಡ, ಹಿಂಸೆಯಲ್ಲಿ ಖುಷಿ ಪಡಬ್ಯಾಡ ಅನ್ನೋದು ಅದರ ತಿರುಳು. ಯಾರ ತಾಟಿನಲ್ಲಿ ಏನದ ಅಂತ ಇಣುಕಿ ನೋಡೋ ಅಧಿಕಾರ ಅದರಿಂದ ಯಾರಿಗೂ ಸಿಗಂಗಿಲ್ಲ.

ದೀಘನಿಕಾಯದಲ್ಲಿ ಕೂಟದಂತ ಅನ್ನೋ ಬ್ರಾಹ್ಮಣನ ಕಥೆ ಅದ. ನೂರಾರು ಹೋರಿ, ಕರು, ಆಡು, ಟಗರು ಕಟ್ಟಿಸಿ ಮಹಾಯಜ್ಞಕ್ಕೆ ಹೊರಟಿದ್ದ. ಬುದ್ಧ ಅವನಿಗೆ ಹಿಂದಿನ ಒಬ್ಬ ರಾಜನ ಯಜ್ಞದ ಬಗ್ಗೆ ಹೇಳ್ತಾನ. ಆ ಯಜ್ಞದಲ್ಲಿ ಒಂದು ಪಶುವನ್ನೂ ಕೊಲ್ಲಲಿಲ್ಲ, ಮರ ಕಡಿಯಲಿಲ್ಲ; ಆಳುಮಕ್ಕಳನ್ನ ಕೋಲು ತೋರಿಸಿ ಹೆದರಿಸಿ ಅಳಿಸಿ ದುಡಿಸಲೂ ಇಲ್ಲ. ಪಶು ಮತ್ತು ಆಳು ಒಂದೇ ಉಸಿರಿನಲ್ಲಿ ಬಂದಾರ ನೋಡಿ. ಎರಡೂವರೆ ಸಾವಿರ ವರ್ಷದ ಹಿಂದೇ ಒಬ್ಬನಿಗೆ ಇಬ್ಬರ ಬೆನ್ನೂ ಒಟ್ಟಿಗೆ ಕಂಡಿತ್ತು. ಕೂಟದಂತ ಕಟ್ಟಿದ್ದ ಪ್ರಾಣಿಗಳನ್ನೆಲ್ಲಾ ಹುಲ್ಲಿಗೆ, ನೀರಿಗೆ, ತಂಪು ಗಾಳಿಗೆ ಬಿಟ್ಟ.

ನಮ್ಮ ಹತ್ತಿರದ ಉದಾಹರಣೆಯೂ ಅದ. ಹೈದರಾಬಾದಿನ ಭಾಗ್ಯರೆಡ್ಡಿ ವರ್ಮ (1888–1939) ನಮ್ಮ ಮಕ್ಕಳಿಗೆ ಶಾಲೆ ತೆರೆದರು, ಜೋಗಿಣಿ ಪದ್ಧತಿ ವಿರುದ್ಧ ಹೋರಾಡಿದರು. ಅವರೇ ಜೀವರಕ್ಷಾ ಜ್ಞಾನ ಪ್ರಚಾರಕ ಮಂಡಳಿಯ ಜೊತೆಗೂ ಕೆಲಸ ಮಾಡಿದರು. ಹೆಣ್ಣುಮಕ್ಕಳನ್ನ ದೇವಿಗೆ ಬಿಡೋದು, ಪ್ರಾಣಿಯನ್ನ ದೇವಿಗೆ ಕಡಿಯೋದು ಎರಡನ್ನೂ ಬಿಡಬೇಕು ಅನ್ನೋ ಮಾತು ನಮ್ಮೊಳಗಿನಿಂದಲೇ ನೂರು ವರ್ಷದ ಹಿಂದೆ ಬಂದದ್ದು.

ಬಲಿ ಮಾತು ಬಂತಲ್ಲ, ಅದನ್ನ ಬಿಟ್ಟು ಮುಂದೆ ಹೋಗಂಗಿಲ್ಲ. ಮಾರೆಮ್ಮ–ದ್ಯಾಮವ್ವನಿಗೆ ಕೋಣ ಯಾಕೆ ಕಡೀತಾರ? ಕಥೆ ನಿಮಗೆ ಗೊತ್ತದ. ನಮ್ಮ ಕುಲದ ಒಬ್ಬ ಹುಡುಗ ಜಾತಿ ಮುಚ್ಚಿಟ್ಟು ವಿದ್ಯೆ ಕಲಿತು ಬ್ರಾಹ್ಮಣರ ಹುಡುಗಿಯನ್ನ ಮದುವೆ ಆದ. ಸತ್ಯ ಗೊತ್ತಾದಾಗ ಆಕೆ ಉಗ್ರದೇವತೆ ಆದಳು. ಅವನು ಕೋಣ ಆದ, ಮಕ್ಕಳು ಕುರಿ–ಆಡು ಆದರು. ಅಂದರೆ ಜಾತ್ರೆಯಲ್ಲಿ ತಲೆ ಹೋಗೋ ಆ ಕೋಣ ಯಾರು? ವಿದ್ಯೆ ಕಲಿತ ನಮ್ಮ ಹುಡುಗನೇ. ಅವನನ್ನ ವರ್ಷವರ್ಷ ಕಡಿಯೋ ಕೆಲಸ ನಮ್ಮ ಕೈಗೇ ಕೊಟ್ಟರು. ರಕ್ತದ ಅನ್ನ ಊರ ಸೀಮೆಗೆ ಚೆಲ್ಲೋದೂ ನಮ್ಮ ಕೈಯೇ. ಚಾಟಿಯಿಂದ ತನ್ನ ಮೈಗೆ ತಾನೇ ಹೊಡಕೊಳ್ಳೋ ಪೋತರಾಜನೂ ನಮ್ಮವನೇ. ತೆಲಂಗಾಣದಲ್ಲೂ, ಕರ್ನಾಟಕದಲ್ಲಿ 1959ರಿಂದಲೂ ಪ್ರಾಣಿಬಲಿ ತಡೆ ಕಾಯ್ದೆ ಅದ. ಕಾಯ್ದೆಗೆ ಹೆದರಿ ಬಿಡಿ ಅಂತ ನಾನು ಹೇಳಂಗಿಲ್ಲ. ಆ ಕೋಣದ ಕಣ್ಣಲ್ಲಿ ಯಾರದಾನ ಅಂತ ಒಮ್ಮೆ ನೋಡಿ, ಕತ್ತಿ ಕೆಳಗೆ ಇಡಿ ಅಂತೀನಿ. ಹಲಗಿ ಬಡಿಯಿರಿ, ಕುಣಿಯಿರಿ, ಊರೆಲ್ಲಾ ಉಣ್ಣಿರಿ.

ಇಷ್ಟು ಹೇಳಿದ ಮ್ಯಾಲೆ ಸಂಘದ ಹುಡುಗರ ಮುಂದೆ ಕೆಲವು ಕೆಲಸ ಇಡ್ತೀನಿ.

ಒಂದು. ನಮ್ಮ ಓಣಿಯಲ್ಲಿ ಎತ್ತು, ಬಂಡಿ ಇದ್ದ ಮನೆಗೆಲ್ಲಾ ಹೋಗಿ ಕೋಲಿನ ತುದಿಯ ಮೊಳೆ ಕಿತ್ತು ಬರ್ರಿ. ಹೆಗಲು ಹುಣ್ಣಾದ ಎತ್ತಿಗೆ ಗಾಯ ಮಾಯೋ ತನಕ ನೊಗ ಹಾಕಬ್ಯಾಡರಿ ಅಂತ ಹೇಳಿ. ಮಧ್ಯಾಹ್ನ 12ರಿಂದ 3ರ ತನಕ ಎತ್ತಿಗೆ ನೆರಳು, ಕೂಲಿಯವರಿಗೆ ನೆರಳು ಮತ್ತು ಕುಡಿಯೋ ನೀರು. ಈ ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆದು ಮಂಡಲ ಆಫೀಸಿಗೆ ಕೊಡೋಣ.

ಎರಡು. ಇದು ನಮ್ಮ ಜೀವದ ಪ್ರಶ್ನೆ. ದನ ದಿಢೀರ್ ಸತ್ತು, ಮೂಗು–ಬಾಯಿ–ಗುದದಿಂದ ಹೆಪ್ಪುಗಟ್ಟದ ಕರಿ ರಕ್ತ ಬಂದಿದ್ದರೆ ಅದು ಅಂಥ್ರಾಕ್ಸ್ ಇರಬಹುದು. ನೆರಡಿ ರೋಗ ಅಂತಲೂ ಅಂತಾರ. ಸುಲೀಬ್ಯಾಡ್ರಿ, ಕೊಯ್ಯಬ್ಯಾಡ್ರಿ, ತಿನ್ನಬ್ಯಾಡ್ರಿ. ಕೈಯಾಗಿನ ಸಣ್ಣ ಗೀರಿನಿಂದಲೂ ಅದು ನಮಗೆ ಬರ್ತದ. ಕಂದು ಹಾಕಿದ ಆಕಳು–ಎಮ್ಮೆಯ ಮಾಸು ಬರಿಗೈಯಲ್ಲಿ ಎತ್ತಬ್ಯಾಡ್ರಿ. ಬ್ರುಸೆಲ್ಲಾ ಅನ್ನೋ ರೋಗ ಹತ್ತಿ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ ಬರ್ತದ. ಅದಕ್ಕೆ 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಸರ್ಕಾರ ಲಸಿಕೆ ಹಾಕ್ತದ, ಹಾಕಿಸಿರಿ. 1962 ನಂಬರಿಗೆ ಫೋನ್ ಮಾಡಿದರೆ ಪಶು ಡಾಕ್ಟರ ಗಾಡಿ ಊರಿಗೇ ಬರ್ತದ. ಅವರ ರೋಗ ನಮಗೆ ಯಾಕೆ ಹತ್ತತದ? ಅವರ ಮೈ, ನಮ್ಮ ಮೈ ಒಂದೇ ಮಣ್ಣಿನದು ಅಂತ. ಜಾತಿಗೆ ಗೊತ್ತಿಲ್ಲದ ಸತ್ಯ ರೋಗಕ್ಕೆ ಗೊತ್ತದ.

ಮೂರು. ಹಾಲು ಮಾರೋ ಮನೆಯವರು ಕರುವಿನ ಪಾಲು ಬಿಟ್ಟು ಹಿಂಡಿರಿ. ಗಂಡು ಕರುವಿಗೂ ಬಿಡಿರಿ. ಇಂಜೆಕ್ಷನ್ ಬ್ಯಾಡ.

ನಾಲ್ಕು. ಮಾಂಸ ಉಣ್ಣೋ ಮನೆಯವರು, ನಾವೆಲ್ಲಾ ಬಹುತೇಕ ಅವರೇ, ತಲೆ ತಗ್ಗಿಸೋ ಕಾರಣ ಇಲ್ಲ. ಆದರೆ ಪ್ರಾಣಿಯನ್ನ ಕಾಲು ಕಟ್ಟಿ ತಾಸುಗಟ್ಟಲೆ ಬಿಸಿಲಲ್ಲಿ ಕೆಡವಬ್ಯಾಡ್ರಿ. ಕೋಳಿಯನ್ನ ತಲೆಕೆಳಗು ಮಾಡಿ ಸೈಕಲ್ಲಿಗೆ ತೂಗಿ ಒಯ್ಯಬ್ಯಾಡ್ರಿ. ನೀರು ಕುಡಿಸಿ, ಇನ್ನೊಂದು ಪ್ರಾಣಿಯ ಕಣ್ಣಿಗೆ ಬೀಳದಂಗ, ಹರಿತ ಕತ್ತಿಯಿಂದ ಒಂದೇ ಸಲಕ್ಕೆ ಮುಗಿಸಿರಿ. ಉಣ್ಣೋದೆಷ್ಟೋ ಅಷ್ಟೇ ಕಡಿಯಿರಿ.

ಮೊದಲು ನಕ್ಕವರಿಗೆ ಈಗ ಉತ್ತರ ಹೇಳ್ತೀನಿ. ದಯೆ ಅನ್ನೋದು ಮ್ಯಾಲೆ ಕುಂತವರು ಕೆಳಗಿನವರಿಗೆ ಹಾಕೋ ಭಿಕ್ಷೆ ಅಂತ ತಿಳ್ಕೊಂಡದ್ದಕ್ಕೇ ನಮಗೆ ನಗು ಬರ್ತದ. ನಾವು ಮ್ಯಾಲೆ ಕುಂತವರಲ್ಲ, ಎತ್ತಿನ ಪಕ್ಕದಲ್ಲಿ ಮಲಗಿದವರು. ಏಟು ಹೆಂಗ ಹತ್ತತದ, ಹಸಿವು ಹೆಂಗಿರ್ತದ, ಕರು ಕಳಕೊಂಡ ತಾಯಿ ಯಾಕೆ ಒದರ್ತಾಳ ಅಂತ ನಮಗೆ ಯಾವ ಶಾಸ್ತ್ರವೂ ಕಲಿಸಬೇಕಾಗಿಲ್ಲ, ಯಾವ ಗೋರಕ್ಷಕನೂ ಹೇಳಬೇಕಾಗಿಲ್ಲ. ಬಾರುಕೋಲು ನಮ್ಮ ಬೆನ್ನಿನಿಂದ ಇಳಿಸಿದ್ದು ಬಾಬಾಸಾಹೇಬರ ಸಂವಿಧಾನ. ಇಳಿದ ಬಾರುಕೋಲನ್ನ ನಾವೇ ಕೈಯಾಗ ಹಿಡಿದು ಇನ್ನೊಂದು ಬೆನ್ನು ಹುಡುಕಬಾರದು.